ಬೆಕ್ಕಿನ ಲಸಿಕೆ: ಇನ್ಮುಂದೆ ಕುತ್ತಿಗೆಗೆ ಅಲ್ಲ, ಕಾಲಿಗೆ

ಬೆಕ್ಕು ಸಾಕಿರುವ ನಮ್ಮ ಎಲ್ಲ ಮನೆಯವರಿಗೆ ನಮಸ್ಕಾರ.

ಈ ತಿಂಗಳಿಂದ ನಮ್ಮ ಕ್ಲಿನಿಕ್‌ನಲ್ಲಿ ಬೆಕ್ಕಿನ ಕುತ್ತಿಗೆ ಹಿಂದಿನ ಸಡಿಲ ಚರ್ಮಕ್ಕೆ ಲಸಿಕೆ ಕೊಡುವುದಿಲ್ಲ. ರೇಬೀಸ್ ಲಸಿಕೆ ಬಲ ಹಿಂಗಾಲಿಗೆ, ತ್ರೀ-ಇನ್-ಒನ್ (ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿಭೇದಿ ರೋಗ, ಕ್ಯಾಟ್ ಫ್ಲೂ ತರುವ ಎರಡು ವೈರಸ್, ಈ ಮೂರಕ್ಕೆ ಸೇರಿಸಿ ಕೊಡುವ ಲಸಿಕೆ) ಬಲ ಮುಂಗಾಲಿಗೆ, ಆದಷ್ಟು ಕೆಳಗೆ. ಈ ಮೂರಕ್ಕೂ ರೇಬೀಸ್‌ಗೂ ಸೇರಿಸಿ ಒಂದೇ ಸೂಜಿಯಲ್ಲಿ ಬರುತ್ತಿದ್ದ ಲಸಿಕೆಯನ್ನು ತರಿಸುವುದನ್ನೂ ನಿಲ್ಲಿಸಿದ್ದೇವೆ.

ಕಳೆದ ಮಳೆಗಾಲದಲ್ಲಿ, ನಮ್ಮಲ್ಲೇ ಲಸಿಕೆ ಹಾಕಿಸಿಕೊಂಡಿದ್ದ ಒಂದು ಪಟ್ಟೆ ಬೆಕ್ಕು ಭುಜಗಳ ನಡುವೆ ಗಂಟು ಕಟ್ಟಿಕೊಂಡು ಬಂತು. ಹುಣಸೆಬೀಜದಷ್ಟು ದಪ್ಪ, ಗಟ್ಟಿ, ಬೆರಳಿಟ್ಟರೆ ಚರ್ಮದಡಿ ಜಾರುತ್ತಿತ್ತು. ಐದು ವಾರದಲ್ಲಿ ತಾನಾಗಿ ಕರಗಿತು. ಹೆಚ್ಚಿನವು ಹಾಗೇ ಕರಗುತ್ತವೆ. ಆದರೆ ಅಲ್ಲಿಯವರೆಗೆ ಆ ಮನೆಯವರಿಗೂ ನಮಗೂ ನೆಮ್ಮದಿ ಇರಲಿಲ್ಲ.

ಯಾಕೆಂದರೆ ಅಪರೂಪಕ್ಕೆ ಇಂಥ ಗಂಟು ಕ್ಯಾನ್ಸರ್ ಆಗಬಹುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1987ರಲ್ಲಿ ಬೆಕ್ಕುಗಳಿಗೆ ರೇಬೀಸ್ ಲಸಿಕೆ ಕಡ್ಡಾಯವಾಯಿತು. ಸೂಜಿ ಚುಚ್ಚಿದ ಜಾಗದಲ್ಲೇ ಗೆಡ್ಡೆಗಳು ಜಾಸ್ತಿಯಾಗುತ್ತಿವೆ ಎಂದು 1991ರಲ್ಲಿ ಅಲ್ಲಿನ ಪಶುವೈದ್ಯರು ಗುರುತಿಸಿದರು. ಸತ್ತ ವೈರಸ್‌ನ ಲಸಿಕೆ ಜೋರಾಗಿ ಕೆಲಸ ಮಾಡಲಿ ಅಂತ ಅಲ್ಯೂಮಿನಿಯಂ ಲವಣದಂಥ ವಸ್ತು ಸೇರಿಸುತ್ತಾರೆ. ಅದು ಎಬ್ಬಿಸುವ ಊತದ ಮೇಲೇ ಹೆಚ್ಚಿನ ಅನುಮಾನ. ಹತ್ತು ಸಾವಿರ ಬೆಕ್ಕಿಗೆ ಒಂದು ಎಂಬುದು ಅಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಯಾವ ಲಸಿಕೆಯಲ್ಲೂ ಅಪಾಯ ಪೂರ್ತಿ ಸೊನ್ನೆ ಅಲ್ಲ.

ಹಾಗಾಗಿ ಇನ್ಮುಂದೆ ನಾವು ಇಡುವ ತ್ರೀ-ಇನ್-ಒನ್ ಜೀವಂತ ವೈರಸ್‌ನದು, ಶಕ್ತಿ ಕುಂದಿಸಿದ್ದು. ಅದರಲ್ಲಿ ಆ ವಸ್ತು ಇಲ್ಲ. ಬೆಲೆ ಸ್ವಲ್ಪ ಜಾಸ್ತಿ, ನಿಜ. ಆದರೆ ವರ್ಷವರ್ಷ ಬೇಡ. ಮರಿಗಳಿಗೆ ಆರೆಂಟು ವಾರಕ್ಕೆ ಶುರು ಮಾಡಿ, ಹದಿನಾರು ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ, ಆರು ತಿಂಗಳು ತುಂಬಿದಾಗ ಇನ್ನೊಂದು. ಆಮೇಲೆ ಮನೆಯೊಳಗೇ ಇರುವ ಬೆಕ್ಕಿಗೆ ಮೂರು ವರ್ಷಕ್ಕೊಮ್ಮೆ ಸಾಕು. ಇಷ್ಟು ವರ್ಷ ಪ್ರತಿವರ್ಷ ಕರೆಸುತ್ತಿದ್ದಿರಲ್ಲ ಅಂತ ನೀವು ಕೇಳಿದರೆ, ಕೇಳುವುದು ನ್ಯಾಯವೇ. ಬೇರೆ ಬೆಕ್ಕುಗಳ ಜೊತೆ ಬೋರ್ಡಿಂಗ್‌ನಲ್ಲಿ ಬಿಡುವವರು ಮಾತ್ರ ಕ್ಯಾಟ್ ಫ್ಲೂ (ಬೆಕ್ಕುಗಳ ಅಂಟು ನೆಗಡಿ-ಜ್ವರ) ಬಗ್ಗೆ ನಮ್ಮನ್ನು ಮೊದಲೇ ಕೇಳಿ. ಗಬ್ಬದ ಬೆಕ್ಕಿಗೆ ಈ ತ್ರೀ-ಇನ್-ಒನ್ ಹಾಕುವಂತಿಲ್ಲ, ಹೊಟ್ಟೆಯಲ್ಲಿರುವ ಮರಿಗಳ ಮೆದುಳಿಗೆ ತೊಂದರೆ. ಅನುಮಾನವಿದ್ದರೂ ಹೇಳಿಬಿಡಿ.

ರೇಬೀಸ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಅಲ್ಯೂಮಿನಿಯಂ ಇಲ್ಲದ ರೇಬೀಸ್ ಲಸಿಕೆ ಹೊರದೇಶಗಳಲ್ಲಿ ಇದೆ, ನಮಗೆ ಸಿಗುತ್ತಿಲ್ಲ. ಹಾಗಂತ ಬಿಡುವ ಹಾಗಿಲ್ಲ, ಬೀದಿ ನಾಯಿ ಒಂದು ಕಾಂಪೌಂಡ್ ಆಚೆಗೇ ಇರುತ್ತದೆ ಅಲ್ವಾ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ, ಬೆಕ್ಕಿಗೂ, ಅದು ಪರಚಿದ ಮನೆಯವರಿಗೂ. ಹಾಗಾಗಿ ವರ್ಷಕ್ಕೊಮ್ಮೆ ಇದನ್ನು ಹಾಕಿಸಲೇಬೇಕು.

ಕಾಲಿಗೇ ಯಾಕೆ ಅಂದರೆ, ಕೆಟ್ಟದ್ದು ಆಗಿಯೇಬಿಟ್ಟರೆ ಅಂತ ಯೋಚಿಸಿ. ಈ ಗೆಡ್ಡೆ ಬೇರು ಬಿಟ್ಟ ಹಾಗೆ ಹರಡುತ್ತದೆ. ಭುಜಗಳ ನಡುವೆ ಪೂರ್ತಿ ತೆಗೆಯುವುದು ಕಷ್ಟ. ಕಾಲಿನಲ್ಲಾದರೆ ಕಾಲು ತೆಗೆದು ಜೀವ ಉಳಿಸಬಹುದು. ಮೂರು ಕಾಲಿನ ಬೆಕ್ಕು ಗೋಡೆ ಹಾರುವುದನ್ನು ನಾವೇ ನೋಡಿದ್ದೇವೆ.

ಲಸಿಕೆ ಹಾಕಿಸಿದ ಮೇಲೆ ವಾರಕ್ಕೊಮ್ಮೆ ಸುಮ್ನೆ ಮುದ್ದು ಮಾಡುವ ನೆಪದಲ್ಲಿ ಆ ಜಾಗ ಸವರಿ ನೋಡಿ. ಗಂಟು ಮೂರು ತಿಂಗಳಾದರೂ ಇದ್ದರೆ, ಎರಡು ಸೆಂಟಿಮೀಟರ್ ದಾಟಿದರೆ, ಅಥವಾ ತಿಂಗಳಾದ ಮೇಲೂ ಬೆಳೆಯುತ್ತಿದ್ದರೆ ಕೂಡಲೇ ಕರೆತನ್ನಿ. ಯಾವ ಲಸಿಕೆ ಯಾವ ಕಾಲಿಗೆ ಅಂತ ಕಾರ್ಡ್‌ನಲ್ಲಿ ಬರೆದುಕೊಡುತ್ತೇವೆ, ಅದನ್ನು ಮರೆಯದೆ ತನ್ನಿ. ಒಂದು ಹಳೇ ಟವೆಲ್ ಕೂಡ. ಕುತ್ತಿಗೆಗೆ ಚುಚ್ಚಿದರೆ ಸುಮ್ಮನಿರುತ್ತಿದ್ದ ಬೆಕ್ಕು ಕಾಲು ಹಿಡಿದರೆ ಸುಮ್ಮನಿರುವುದಿಲ್ಲ.

ನಿಮ್ಮ ಕ್ಲಿನಿಕ್‌ನವರು