ಭಾವನ ರಕ್ತದ ರಿಪೋರ್ಟು

ನ್ಯೂಯಾರ್ಕ್

ಪ್ರೀತಿಯ ಅಕ್ಕ,

ಭಾವನ ರಿಪೋರ್ಟಿನ ಫೋಟೊಗಳು ಬಂದವು. ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎದುರು ಗುರುತು ಹಾಕಿ, "ಇದು ಜಾಸ್ತಿ ಇದ್ರೆ ಇಮ್ಯುನೋಥೆರಪಿ ಹಿಡಿಯಲ್ವಂತೆ, ಹೌದಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಮಾತು ಪೂರ್ತಿ ಸುಳ್ಳಲ್ಲ. ಕ್ಯಾನ್ಸರನ್ನು ಕೊಲ್ಲುವ ಟಿ ಕಣಗಳು ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಪೈಕಿಯವು. ಇಮ್ಯುನೋಥೆರಪಿ ಔಷಧಿ ಅವುಗಳ ಮೇಲಿನ ಬ್ರೇಕ್ ತೆಗೆಯುತ್ತದೆ, ಅಷ್ಟೇ. ಗೆಡ್ಡೆಯಿಂದ ಮೈಯಲ್ಲಿ ಉರಿಯೂತ ಜಾಸ್ತಿಯಾದರೆ ನ್ಯೂಟ್ರೋಫಿಲ್ ಏರುತ್ತದೆ, ಲಿವರ್ ತಯಾರಿಸುವ ಆಲ್ಬುಮಿನ್ ಅನ್ನುವ ಪ್ರೊಟೀನು ಇಳಿಯುತ್ತದೆ. ಅಂಥವರಲ್ಲಿ ಫಲ ಕಡಿಮೆ ಅಂತ ಡಾಕ್ಟರುಗಳು ಬಹಳ ದಿನದಿಂದ ಗಮನಿಸಿದ್ದಾರೆ.

ಇದೇ ಊರಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಮತ್ತು ಮೌಂಟ್ ಸಿನಾಯ್ ಆಸ್ಪತ್ರೆಗಳ ಸಂಶೋಧಕರು ಈ ಸಂಖ್ಯೆಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ಇಮ್ಯುನೋಥೆರಪಿ ಯಾರಿಗೆ ಫಲಿಸಬಹುದು ಅಂತ ಅಂದಾಜು ಮಾಡುವ 'ಸ್ಕಾರ್ಪಿಯೋ' ಅನ್ನುವ ಲೆಕ್ಕಾಚಾರ ಮಾಡಿದ್ದಾರೆ. 2025ರ ಜನವರಿಯಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. 21 ಬಗೆಯ ಕ್ಯಾನ್ಸರಿನ ಸುಮಾರು 10,000 ರೋಗಿಗಳ ಮಾಹಿತಿ ಅದರಲ್ಲಿದೆ. ಗೆಡ್ಡೆಯ ಜೀನುಗಳಲ್ಲಿ ಎಷ್ಟು ಬದಲಾವಣೆ ಆಗಿದೆ ಅಂತ ಎಣಿಸುವ ದುಬಾರಿ ಪರೀಕ್ಷೆಗಿಂತ ಇದೇ ಚೆನ್ನಾಗಿ ಅಂದಾಜು ಮಾಡಿತು. ಎಲ್ಲ ಕಡೆ ಮಾಡುವ ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕಿಡ್ನಿ ಪರೀಕ್ಷೆಗಳಿಂದ ಇಷ್ಟು ಸಿಗುತ್ತೆ ಅಂದರೆ ದೊಡ್ಡ ವಿಷಯವೇ ಅಲ್ವಾ?

ಆದರೆ ನನಗೊಂದು ತಕರಾರಿದೆ. ನ್ಯೂಟ್ರೋಫಿಲ್ ಜಾಸ್ತಿ, ಆಲ್ಬುಮಿನ್ ಕಡಿಮೆ ಇರುವವರಿಗೆ ಕೀಮೋ ಕೊಟ್ಟರೂ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ. ಹಾಗಾದರೆ ಈ ಸಂಖ್ಯೆಗಳು ಹೇಳುತ್ತಿರುವುದು ಔಷಧಿಯ ಬಗ್ಗೆಯೋ, ಮೈ ಎಷ್ಟು ಸೋತಿದೆ ಅನ್ನುವುದರ ಬಗ್ಗೆಯೋ? ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಅದಕ್ಕೇ ಬರೀ ರಕ್ತದ ರಿಪೋರ್ಟ್ ನೋಡಿ "ಇವರಿಗೆ ಈ ಔಷಧಿ ಬೇಡ" ಅನ್ನುವುದು ಸರಿಯಲ್ಲ. ಸಾವಿರ ಜನರ ಲೆಕ್ಕ ಒಬ್ಬರ ಜಾತಕ ಆಗುವುದಿಲ್ಲ.

ಇನ್ನೊಂದು ವಿಷಯ. ಕೆಮ್ಮು, ಜ್ವರ ಬಂದರೂ ನ್ಯೂಟ್ರೋಫಿಲ್ ಏರಬಹುದು. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ತಗೊಂಡರಂತೂ ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಕೆಳಗೆ. ರಕ್ತ ಕೊಟ್ಟ ದಿನ ಭಾವ ಏನಾದರೂ ಸ್ಟೀರಾಯ್ಡ್ ತಗೊಂಡಿದ್ದರಾ, ಚೀಟಿ ನೋಡಿ ಡಾಕ್ಟರಿಗೆ ಹೇಳು. ಬಯಾಪ್ಸಿಯಲ್ಲಿ ಪಿಡಿ-ಎಲ್1 (ಗೆಡ್ಡೆಯ ಕಣಗಳ ಮೇಲಿದ್ದು ಆ ಬ್ರೇಕ್ ಒತ್ತುವ ಪ್ರೊಟೀನು) ಎಷ್ಟು ಬಂತು ಅಂತಾನೂ ಕೇಳು. ಶ್ವಾಸಕೋಶದ ಕ್ಯಾನ್ಸರಿಗೆ ಈಗಲೂ ಅದನ್ನೂ ನೋಡಿ ತೀರ್ಮಾನ ಮಾಡುತ್ತಾರೆ. ಮೊದಲ ಡೋಸ್‌ಗಿಂತ ಮುಂಚಿನ ರಿಪೋರ್ಟ್‌ಗಳನ್ನು ಬೇರೆ ಫೈಲಿನಲ್ಲಿಡು.

ಚಿಕಿತ್ಸೆ ಶುರುವಾದ ಮೇಲೂ ಪದೇ ಪದೇ ರಕ್ತ ತೆಗೆಯುತ್ತಾರೆ. ಸುಮ್ನೆ ಅಲ್ಲ. ಬ್ರೇಕ್ ತೆಗೆದ ಕಣಗಳು ಥೈರಾಯ್ಡ್, ಲಿವರ್ ಮೇಲೂ ಬೀಳಬಹುದು. ಭೇದಿ ಜಾಸ್ತಿಯಾದರೆ, ಉಸಿರು ಕಟ್ಟಿದರೆ ಮುಂದಿನ ಭೇಟಿಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಇಂತಿ ನಿನ್ನ ತಮ್ಮ