ಬೋರ್ಡು ಬರೆಸುವ ಮುಂಚೆ

ಮಡಿಕೇರಿ

ಪ್ರೀತಿಯ ಮಗಳೇ,

ಹೋಂಸ್ಟೇ ಬೋರ್ಡಿಗೆಂದು ನೀನು ಬರೆದು ಕಳಿಸಿದ ಇಂಗ್ಲಿಷ್ ಒಕ್ಕಣೆ ಓದಿದೆ. ಪೇಂಟರ್ ಕೈಗೆ ಕೊಡುವ ಮುಂಚೆ ಒಂದಕ್ಷರ ತಿದ್ದಬೇಕು. 'ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್' ಎಂಬಲ್ಲಿ 'ಪಿ', 'ಎಲ್' ಆದ ಮೇಲೆ ನೀನು 'ಈ' ಹಾಕಿದ್ದೀಯ. ಅಲ್ಲಿ ಬರಬೇಕಾದದ್ದು 'ಐ'.

'ಐ' ಇರುವ complimentary, 'ಈ' ಇರುವ complementary, ಕಿವಿಗೆ ಎರಡು ಪದಗಳೂ ಒಂದೇ, ಹಾಗಾಗಿಯೇ ಎಡವುವುದು. 'ಐ' ಇದ್ದರೆ ಮೆಚ್ಚುಗೆಯ ಮಾತು, ಇಲ್ಲವೇ ಸೌಜನ್ಯಕ್ಕೆಂದು ಪುಕ್ಕಟೆ ಕೊಡುವುದು. 'ಈ' ಇದ್ದರೆ ಇನ್ನೊಂದರ ಜೊತೆ ಕೂಡಿ ಅದನ್ನು ಪೂರ್ತಿ ಮಾಡುವುದು. ಹಂದಿ ಮಾಂಸದ ಪಂದಿ ಕರಿಗೆ ಅಕ್ಕಿ ತರಿಯ ಕಡುಬು, ಕಡಂಬುಟ್ಟು ಇದ್ದ ಹಾಗೆ. ಊಟದ ಪಟ್ಟಿಯಲ್ಲಿ ಆ ಜೋಡಿಯ ಬಗ್ಗೆ ಬರೆದಿದ್ದೀಯಲ್ಲ, ಅಲ್ಲಿ 'ಈ' ಬೇಕು; ನೀನು 'ಐ' ಹಾಕಿದ್ದರಿಂದ ಕಡಂಬುಟ್ಟು ಪಂದಿ ಕರಿಯನ್ನು ಹೊಗಳುತ್ತದೆ ಎಂಬ ಅರ್ಥ ಬಂದಿದೆ. ಉಂಡೆದ್ದ ಅತಿಥಿ ಆ ಕರಿಗೆ ಹಾಕಿದ ಕಾಚಂಪುಳಿಯ ಹುಳಿಯನ್ನು ಮೆಚ್ಚಿ ಆಡುವ ಮಾತಿಗಾದರೆ 'ಐ'.

ಎರಡರ ಬೇರೂ ಲ್ಯಾಟಿನ್ನಿನಲ್ಲಿ ಒಂದೇ, 'ತುಂಬಿಸು' ಎಂಬ ಅರ್ಥದ ಕ್ರಿಯಾಪದ. 'ಕಂಪ್ಲೀಟ್' ಕೂಡ ಅದರ ಕುಡಿ. ಅದರಲ್ಲೂ 'ಎಲ್' ಆದ ಮೇಲೆ 'ಈ' ಇದೆ, ನೆನಪಿಗೆ ಅದು ಸಾಕು. ನಮಗೆ ಕನ್ನಡದಲ್ಲಿ ಇನ್ನೂ ಸುಲಭದ ಒರೆಗಲ್ಲಿದೆ. ಆ ಜಾಗದಲ್ಲಿ 'ಪೂರಕ' ಎಂದು ಇಟ್ಟು ನೋಡು. ಕೂಡಿಸಿದರೆ 90 ಡಿಗ್ರಿ ಆಗುವ ಎರಡು ಕೋನಗಳಿಗೆ ಶಾಲೆಯಲ್ಲಿ ಪೂರಕ ಕೋನ ಎಂದು ಓದಿದ್ದೆಯಲ್ಲ, ಅದೇ ಪೂರಕ. ಹೊಂದಿದರೆ 'ಈ' ಬರೆ. 'ಪುಕ್ಕಟೆ' ಅಥವಾ 'ಮೆಚ್ಚುಗೆ' ಹೊಂದಿದರೆ 'ಐ'.

ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ ಎಂದು ನಂಬಿ ಕೂರಬೇಡ. ಎರಡೂ ನಿಜವಾದ ಪದಗಳೇ ಆದ್ದರಿಂದ ಅದು ಬಹಳ ಸಲ ಸುಮ್ಮನಿರುತ್ತದೆ. ಪದದ ಮೊದಲ ಐದು ಅಕ್ಷರ ಹಾಕಿ ಫೈಲಿನಲ್ಲಿ ಹುಡುಕು, ಸಿಕ್ಕ ಕಡೆಯೆಲ್ಲ ನಿಂತು ಓದು. ಬುಕಿಂಗ್ ಸೈಟಿಗೆ ಹಾಕಿದ ಬರಹವನ್ನೂ ಬಿಡಬೇಡ.

ಇನ್ನೊಂದು. ತಿಂಡಿಯ ಖರ್ಚನ್ನು ಬಾಡಿಗೆಯಲ್ಲೇ ಹಿಡಿದಿದ್ದರೆ ಅದನ್ನು ಪುಕ್ಕಟೆ ಎನ್ನುವುದು ನನಗೆ ಸರಿ ಕಾಣುವುದಿಲ್ಲ. 'ಇನ್‌ಕ್ಲೂಡೆಡ್' ಎಂದು ಬರೆಸು. ಹೊರಡುವಾಗ ಕೈಗಿಡುವ ಕಾಫಿಪುಡಿ ಪೊಟ್ಟಣದ ಚೀಟಿಗೆ 'ವಿತ್ ಕಾಂಪ್ಲಿಮೆಂಟ್ಸ್' ಒಪ್ಪುತ್ತದೆ. ಅಲ್ಲಿ 'ಐ', ಕೊನೆಗೆ 'ಎಸ್' ಕೂಡ.

ಪೇಂಟರ್ ನೀನು ಕೊಟ್ಟದ್ದನ್ನು ನೋಡಿ ನೋಡಿ ಬರೆಯುತ್ತಾನೆ, ಹಾಗಾಗಿ ದೊಡ್ಡಕ್ಷರಗಳಲ್ಲಿ ಬಿಡಿಸಿ ಬರೆದು ಕೊಡು. ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕೂಡಲೇ ಫೋಟೋ ಕಳಿಸು, ಬಣ್ಣ ಹಚ್ಚುವ ಮುಂಚೆ ನಾನೊಮ್ಮೆ ನೋಡುತ್ತೇನೆ.

ನಿನ್ನ
ದೊಡ್ಡಪ್ಪ