ಬಸ್ಸು ಬಂದಳು

ಗೆಳೆಯಾ,

ಮುಂಬೈ ಪಕ್ಕದ ಠಾಣೆ ಊರಲ್ಲಿ ಕನ್ನಡ ಕ್ಲಾಸ್ ಶುರು ಮಾಡಿದ್ದೀಯ, ಆದರೆ ಬರುವವರು ಬಾಯೇ ಬಿಡುವುದಿಲ್ಲ ಅಂತ ಬರೆದಿದ್ದೀಯಲ್ಲ, ಓದಿ ನಗು ಬಂತು. ಪುಣೆಯಲ್ಲೂ ಅದೇ ಕತೆ. ನಮ್ಮ ಸೊಸೈಟಿಯಲ್ಲಿ ಭಾನುವಾರ ನನ್ನ ಕನ್ನಡ ಕ್ಲಾಸಿಗೆ ಬರುವ ಆರು ಜನರಲ್ಲಿ ನಾಲ್ವರು ಮೊದಲ ತಿಂಗಳೆಲ್ಲ ಸುಮ್ನೆ ತಲೆ ಆಡಿಸಿದರು.

ಕೊನೆಗೆ ನನ್ನ ಮಾನವನ್ನೇ ಮೊದಲು ಕಳೆದೆ. ಇಲ್ಲಿಗೆ ಬಂದ ಹೊಸದರಲ್ಲಿ ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ ನಿಂತು 'ಬಸ್ ಆಲಾ', ಅಂದರೆ 'ಬಸ್ಸು ಬಂದ', ಅಂತ ಕೂಗಿದ್ದನ್ನು ಹೇಳಿದೆ. ಮರಾಠಿಯಲ್ಲಿ ಬಸ್ಸು ಹೆಣ್ಣು, 'ಆಲೀ' ಅನ್ನಬೇಕು. ಪಕ್ಕದ ಮನೆಯವರು 'ರಿಕ್ಷಾ ಖಾಲೀ ಆಹೆ' ಅಂದಾಗ ರಿಕ್ಷಾದಲ್ಲಿ ಯಾರೂ ಕೂತಿಲ್ಲ ಅಂದುಕೊಂಡಿದ್ದೆ, ಅವರು ಹೇಳಿದ್ದು ಕೆಳಗೆ ನಿಂತಿದೆ ಅಂತ! ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಒಬ್ಬ ಮರಾಠಿ ಕಾಕು (ಚಿಕ್ಕಮ್ಮ ಅನ್ನುವ ಹಾಗೆ) ಧೈರ್ಯ ಮಾಡಿ 'ಬಸ್ಸು ಬಂದಳು' ಅಂದರು. ಮರಾಠಿ ಲೆಕ್ಕದಲ್ಲಿ ಅದು ಸರಿಯೇ ಅಲ್ವಾ? ನಾನು ತಪ್ಪು ಅನ್ನಲಿಲ್ಲ. 'ಓ, ಬಸ್ಸು ಬಂತಾ? ಯಾವ ಬಸ್ಸು ಬಂತು?' ಅಂತ ಕೇಳಿದೆ. ಕಾಕು ಒಂದು ಗಳಿಗೆ ಸುಮ್ಮನಿದ್ದು 'ಹುಬ್ಬಳ್ಳಿ ಬಸ್ಸು ಬಂತು' ಅಂದರು. ಕನ್ನಡದಲ್ಲಿ ಬಸ್ಸು, ಕುರ್ಚಿ, ಪುಸ್ತಕ ಎಲ್ಲವೂ ಬರೀ 'ಅದು' ಅಂತ ಆಮೇಲೆ ಹೇಳಿದಾಗ ಅವರಿಗಾದ ಖುಷಿ ನೋಡಬೇಕಿತ್ತು.

ನಿಜವಾದ ಕಷ್ಟ ಮರಾಠಿಯವರದ್ದಲ್ಲ, ನಮ್ಮದೇ ಮಕ್ಕಳದ್ದು. ಹದಿನಾಲ್ಕರ ಹುಡುಗಿಯೊಬ್ಬಳಿದ್ದಾಳೆ, ಧಾರವಾಡದ ಅಜ್ಜಿ ಆಡುವುದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಕಾರಣ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಯಾವುದೋ ಮದುವೆಮನೆಯಲ್ಲಿ ಮಾಮ ಒಬ್ಬರು ಅವಳು ತಪ್ಪಿ ಆಡಿದ ಮಾತನ್ನೇ ಎಲ್ಲರ ಮುಂದೆ ಮತ್ತೆ ಮತ್ತೆ ಹೇಳಿಸಿ ನಗಿಸಿದ್ದರಂತೆ. ಪ್ರೀತಿಯಿಂದಲೇ ಇರಬಹುದು, ಆದರೆ ಅಂದಿನಿಂದ ಅವಳ ಕನ್ನಡ ಬಂದ್. ಅಮೆರಿಕದ ಭಾಷಾತಜ್ಞ ಸ್ಟೀಫನ್ ಕ್ರಾಶನ್ 1980ರ ದಶಕದಲ್ಲೇ ಇದನ್ನು ಬರೆದಿದ್ದಾರೆ: ಹೆದರಿಕೆ, ನಾಚಿಕೆ ಜಾಸ್ತಿಯಾದರೆ ಕಿವಿಗೆ ಬಿದ್ದ ಭಾಷೆ ಒಳಗೇ ಇಳಿಯುವುದಿಲ್ಲ ಅಂತ. ಆ ಮಾಮನಿಗೆ ಯಾರು ಹೇಳಬೇಕು?

ಅವಳಿಗೆ ಕ್ಲಾಸಿನಲ್ಲಿ ಮಾತಾಡು ಅನ್ನುವುದನ್ನೇ ಬಿಟ್ಟೆ. ಅಜ್ಜಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸು ಅಂದೆ. ಎದುರಿಗೆ ಮುಖ ಇರುವುದಿಲ್ಲ, ಬೇಡ ಅನಿಸಿದರೆ ಅಳಿಸಿ ಮತ್ತೆ ಹೇಳಬಹುದು. ಮೊದಲನೆಯದು ಒಂಬತ್ತೇ ಸೆಕೆಂಡ್. ಅಜ್ಜಿಗೆ ನಗಬೇಡಿ ಅಂತ ಮೊದಲೇ ಹೇಳಿಸಿದ್ದೆ. ಅವರೋ ನನಗಿಂತ ಜಾಣೆ, ತಮ್ಮ ಹರಕು ಮರಾಠಿಯಲ್ಲೇ ಉತ್ತರ ಕಳಿಸಿದರು: 'ಮೀ ಪುಣ್ಯಾಲಾ ಯೇತೋ.' ನಾನು ಪುಣೆಗೆ ಬರ್ತೀನಿ ಅಂತ, ಅದೂ ಗಂಡಸರು ಹೇಳುವ ಹಾಗೆ!

ಐದೇ ನಿಮಿಷದಲ್ಲಿ ಹುಡುಗಿಯ ಮೆಸೇಜ್ ಹೋಯಿತು: 'ಅಜ್ಜೀ, ಯೇತೋ ಅಲ್ಲ, ಯೇತೇ. ಯಾವಾಗ ಬರ್ತೀ?'